ಇಳಿಯದ ಹಳದಿ

ಅಕ್ಟೋಬರ್ 14, 1986

ಬೆಳಿಗ್ಗೆ ಶಾಲೆಯ ಈಜು ಟ್ಯಾಂಕಿನ ನೀರು ಟೆಸ್ಟ್ ಮಾಡಿದೆ. ಪಿಎಚ್ ಎಂಟರ ಮೇಲೆ. ಬೋರಿನ ನೀರು ಗಡಸು, ಪ್ರತಿ ವರ್ಷದ ಗೋಳು. ಆಸಿಡ್ ಹಾಕಿಸಬೇಕು. ನೀರು ಹದಕ್ಕೆ ಬಂದ ಮೇಲೆ ಹಾಸ್ಟೆಲ್ ಹುಡುಗಿಯರದು ಕೊನೆಯ ಮುಳುಗು. ಅದಾದ ಮೇಲೆ ಬ್ಲೀಚಿಂಗ್ ಪೌಡರ್ ಸುರಿದು ಚಳಿಗಾಲಕ್ಕೆ ಮುಚ್ಚುವುದು. ಮತ್ತೆ ತೆರೆಯುವುದು ಶಿವರಾತ್ರಿಗೆ. ಈ ಶಾಲೆಯ ಪದ್ಧತಿ. ಸೈನ್ಸ್ ಟೀಚರ್ ಎಂದು ಟ್ಯಾಂಕು ನನ್ನ ಕೊರಳಿಗೆ ಬಿದ್ದಿದೆ. ಬೇಸರವಿಲ್ಲ. ಕಲಘಟಗಿ ಸುತ್ತ ಇಂಥದು ಇನ್ನೊಂದಿಲ್ಲ. ಮಗಳು ಸುಲಭಾ ಈಜು ಕಲಿತದ್ದೂ ಇದರಲ್ಲೇ.

ಜನವರಿಯಲ್ಲಿ ಅವಳಿಗೆ ಬೆಂಗಳೂರಿನಲ್ಲಿ ಸ್ಟೇಟ್ ಮೀಟ್. ಇತ್ತೀಚೆಗೆ ಎರಡೇ ಲ್ಯಾಪಿಗೆ ಅಂಚು ಹಿಡಿದು ನಿಲ್ಲುತ್ತಾಳೆ. ಕೇಳಿದರೆ, ಮೆಸ್ಸಿನ ಉಪ್ಪಿಟ್ಟು ಭಾರವಾಯಿತು ಎಂದು ನಗುತ್ತಾಳೆ. ಶುಕ್ರವಾರ ಹುಬ್ಬಳ್ಳಿಗೆ ಕರೆದೊಯ್ದು ತೋರಿಸಬೇಕು.

ಅಕ್ಟೋಬರ್ 17, ಸಂಜೆ

ಹೃದಯದ ವಾಲ್ವ್. ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದಿತ್ತಲ್ಲ — ಅದೇ ಒಳಗೆ ಇಳಿದಿತ್ತಂತೆ. ಡಾಕ್ಟರು ಅವಳನ್ನು ಹೊರಗೆ ಕೂರಿಸಿ ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಈಜು ಬಂದ್. ಈ ವರ್ಷಕ್ಕೆ ಅಂತಲ್ಲ, ಬಂದ್. ಮೆಟ್ಟಿಲು ಹತ್ತುವುದೂ ನಿಧಾನ. ಆಪರೇಷನ್ ಮಾತು ಮುಂದೆ. ಆದರೂ ರೇಸ್ ಮರೆತುಬಿಡಿ ಎಂದರು.

ಬಸ್ಸಿನಲ್ಲಿ ಕೇಳಿದಳು. ರಕ್ತ ಕಡಿಮೆ ಅಂದೆ. ಆ ಸುಳ್ಳು ಬಾಯಿಗೆ ಬಂದಾಗ ಒಂದು ಕ್ಷಣವೂ ತಡವರಿಸಲಿಲ್ಲವಲ್ಲ ನಾನು...

ಅಕ್ಟೋಬರ್ 18

ಕುಂದಗೋಳದ ಬ್ಯಾಂಕಿನಿಂದ ಇವರು ಬಂದರು, ಶನಿವಾರ. ಎಲ್ಲ ಕೇಳಿ, ಹೇಳಿಬಿಡು, ಅಕಿ ಸಣ್ಣಾಕಿ ಅಲ್ಲ, ಅಂದರು. ನೀವೇ ಹೇಳಿರಿ ಅಂದೆ. ಎದ್ದು ಅಂಗಳಕ್ಕೆ ಹೋದರು. ಕೊನೆಗೆ, ಪರೀಕ್ಷೆ ಮುಗಿಯಲಿ ಎಂದು ಇಬ್ಬರೂ ಒಪ್ಪಿಕೊಂಡೆವು. ಅಲ್ಲಿಯವರೆಗೆ ಅವಳು ನೀರಿಗೆ ಇಳಿಯದಂತೆ ತಡೆಯುವುದು ಹೇಗೆ? ನಾಳೆಯೇ ಬ್ಲೀಚಿಂಗ್ ಹಾಕಿಬಿಡುತ್ತೇನೆ.

ಅಕ್ಟೋಬರ್ 19

ಹಾಕಿದೆ. ಪಂಪು ನೋಡಿಕೊಳ್ಳುವ ಕಾಸೀಮಸಾಬ ಡಬ್ಬ ಹಿಡಿದು ನಿಂತೇ ಇದ್ದ. "ಅಕ್ಕೋರ, ಹುಡುಗ್ಯಾರು ಇನ್ನಾ ಮುಳುಗಿಲ್ರಿ. ನನ್ನ ಹರದ ತಿಂತಾರ ನೋಡ್ರಿ." ಪಾಚಿ ಶುರುವಾಗಿದೆ ಎಂದೆ. ತಳದ ಬಿರುಕುಗಳೂ ಕಾಣುವಷ್ಟು ತಿಳಿ ಇತ್ತು ನೀರು. ಅವನು ನೀರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

ಸುಲಭಾ ಸಿಟ್ಟಾಗಲಿಲ್ಲ. ಅದೇ ಕಷ್ಟ. ಬಿಸಿಲಿಗೆ ಕ್ಲೋರಿನ್ ತಾನೇ ಇಳಿಯುತ್ತದೆ, ಆಮೇಲೆ ಮುಳುಗೂಣು ಅಂದಳು. ಕ್ಲಾಸಿನಲ್ಲಿ ನಾನೇ ಹೇಳಿಕೊಟ್ಟದ್ದು.

ಅಕ್ಟೋಬರ್ 22

ದಿನಾ ಮಧ್ಯಾಹ್ನ ಟೆಸ್ಟ್ ಟ್ಯೂಬ್ ಹಿಡಿದು ಹೋಗುತ್ತಾಳೆ. ನೀರಿಗೆ ಔಷಧದ ಹನಿ ಬಿಟ್ಟರೆ ಹಳದಿ. ಕ್ಲೋರಿನ್ ಹೆಚ್ಚಾದಷ್ಟೂ ಗಾಢ. ತಿಳಿಹಳದಿಗೆ ಬಂದರೆ ಈಜಬಹುದು. ಇವತ್ತು ತಿಳಿಯಾಗಿತ್ತು. "ನಾಳೆ, ಅವ್ವಾ," ಅಂದಳು.

ಸಂಜೆ ಪ್ರಾರ್ಥನೆಯ ಗಂಟೆ ಹೊಡೆದಾಗ ಒಬ್ಬಳೇ ಹೋಗಿ ಮತ್ತೆ ಸುರಿದೆ. ಕೈಗೆ ಹತ್ತಿದ ವಾಸನೆ ಸಾಬೂನಿಗೂ ಹೋಗಲಿಲ್ಲ.

ಅಕ್ಟೋಬರ್ 23

ಕಿತ್ತಳೆ ಬಣ್ಣ. ಟ್ಯೂಬನ್ನು ಬಿಸಿಲಿಗೆ ಹಿಡಿದು ನೋಡುತ್ತಲೇ ನಿಂತಳು. ಸಂಜೆ ಮತ್ತೆ...

ಮಗಳನ್ನು ಕಾಪಾಡುತ್ತಿದ್ದೇನೆಯೇ? ಇಲ್ಲಾ, ಅವಳ ಮುಖ ನೋಡಬೇಕಾದ ಗಳಿಗೆಯಿಂದ ನನ್ನನ್ನೇ?

ಅಕ್ಟೋಬರ್ 27

ಗಣಿತದ ಪೇಪರ್ ಮುಗಿಸಿ ಸೀದಾ ಟ್ಯಾಂಕಿಗೆ ಬಂದಳು. ನಾನು ಡಬ್ಬದ ಮುಚ್ಚಳ ತೆಗೆಯುತ್ತಿದ್ದೆ. ಬಚ್ಚಿಡಲು ಹೋಗಲಿಲ್ಲ.

"ಇಷ್ಟು ಬಿಸಲಾಗ ಕ್ಲೋರಿನ್ ಏರತದೇನ ಅವ್ವಾ?"

ಮುಚ್ಚಳ ಮತ್ತೆ ಹಾಕಿದೆ.

"ರಕ್ತ ಕಡಿಮಿ ಆದವರಿಗೆ ಇಷ್ಟು ಪೌಡರ್ ಬೇಕಾಗಂಗಿಲ್ಲ."

ಹೇಳಿದೆ. ಎಲ್ಲ. ವಾಲ್ವ್, ಡಾಕ್ಟರು, ಬೆಂಗಳೂರು. ಅಂಚಿನ ಮೇಲೆ ಕೂತು ಕೇಳಿದಳು. ಅತ್ತದ್ದು ನಾನು. ಮುಂದಿನ ವರ್ಷ? ಎಂದಷ್ಟೇ ಕೇಳಿದಳು. ಇಲ್ಲ ಅಂದೆ. ಎದ್ದು ಲಂಗದ ಧೂಳು ಝಾಡಿಸಿಕೊಂಡಳು. ಮತ್ತೆ ಕೂತಳು. ನೀರು ನೋಡುತ್ತಾ ಅಂದಳು —

"ಉಳದ ಹುಡುಗ್ಯಾರದು ಯಾಕ ತಪ್ಪಸ್ತಿ? ಕ್ಲೋರಿನ್ ಇಳೀಲಿ ಬಿಡು. ನಾ ಕುಂತು ನೋಡತೀನಿ."

ಅಕ್ಟೋಬರ್ 30

ತಿಳಿಹಳದಿ. ಪಿಎಚ್ ಏಳೂವರೆಯೊಳಗೆ. ಇಷ್ಟು ವರ್ಷದಲ್ಲಿ ನೀರು ಇಷ್ಟು ಹದವಾಗಿ ಬಂದದ್ದಿಲ್ಲ. ಯಾರಿಗಾಗಿ...

ನಾಳೆ ಹುಡುಗಿಯರೆಲ್ಲ ದೀಪಾವಳಿಗೆ ಊರಿಗೆ. ಇವತ್ತು ಮಧ್ಯಾಹ್ನ ಮುಳುಗು. ಚಳಿಗೆ ಕೂಗು, ನೀರೆರಚಾಟ. ಸುಲಭಾ ಮೆಟ್ಟಿಲ ಮೇಲೆ, ಕಾಲು ಮಡಚಿ. ಮಲಿಕಾಬಿ, ಅವಳ ಜೊತೆ ಈಜು ಕಲಿತ ಗೆಳತಿ, ನೀರಿನಿಂದ ತಲೆ ಎತ್ತಿ ಕೂಗಿದಳು: "ಬಾರಲೇ ಸುಲೂ! ಹಿಂಗ ದಂಡಿಗೆ ಕುಂತರ ಬೆಂಗಳೂರಾಗ ಮೆಡಲ್ ಕೊಡತಾರೇನ?"

"ನೀ ತಗೊಂಡ ಬಾ," ಅಂದಳು ಸುಲಭಾ. "ನಿಂದಽ ನಂದು."

ಮಲಿಕಾಬಿ ನಗುತ್ತಾ ಮತ್ತೆ ಮುಳುಗಿದಳು. ಅವಳಿಗೆ ಇನ್ನೂ ಗೊತ್ತಿಲ್ಲ.

ಎಲ್ಲರೂ ಹೋದ ಮೇಲೆ, ಬ್ಲೀಚಿಂಗ್ ನಾನೇ ಹಾಕುತ್ತೇನೆ ಎಂದು ಹಟ ಹಿಡಿದಳು. ಅರ್ಧ ಡಬ್ಬ ಕೊಟ್ಟೆ. ಕೊಡಬಾರದಿತ್ತೇ? ದಂಡೆಗುಂಟ ಸುರಿಯುತ್ತಾ ಹೋದಳು. ನಡುವೆ ನಿಂತು ಡಬ್ಬ ಕೆಳಗಿಟ್ಟಳು. ಉಸಿರಿಗೆ ಹೆಗಲು ಏರಿ ಇಳಿಯುವುದು ಮೆಟ್ಟಿಲ ಮೇಲೆ ಕೂತ ನನಗೂ ಕಾಣುತ್ತಿತ್ತು. ಎದ್ದೆ. ಹಿಂತಿರುಗಿ ನೋಡದೆ, ಬರಬೇಡ ಎಂದು ಕೈ ತೋರಿಸಿದಳು. ಕೂತೆ. ಮತ್ತೆ ಎತ್ತಿಕೊಂಡಳು. ಸ್ವಲ್ಪ ಸುರಿದಳು. ಮತ್ತೆ ಇಟ್ಟಳು. ಇನ್ನೂ ಅರ್ಧ ದಂಡೆ ಇತ್ತು. ನಾನು ಕೂತೇ ಇದ್ದೆ, ಅವಳು ಮುಗಿಸುವವರೆಗೂ.