ಮಗ್ಗ ನಿಂತಾಗ ಕೇಳಿದ್ದು

ಕರುಮತ್ತಂಪಟ್ಟಿ

ದಿವಾಕರಣ್ಣನಿಗೆ ಗೋಮತಿಯ ನಮಸ್ಕಾರ.

ನೀನು ಕೊಟ್ಟ ಪಗ್ ನಾಯಿ ಅಮ್ಮಿಣಿಯನ್ನು ಇನ್ನೊಮ್ಮೆ ಮರಿ ಹಾಕಿಸಲು ಸಿಂಗಾನಲ್ಲೂರಿನ ನಿನ್ನ ಮನೆಗೆ ಕಳಿಸು ಎಂದಿದ್ದೀಯ. ಅವಳು ಇಲ್ಲಿ ಸುಖವಾಗಿದ್ದಾಳೆ ಎಂದೇ ನಾನೂ ತಿಳಿದಿದ್ದೆ. ಪವರ್‌ಲೂಮ್ ಸದ್ದಿನಲ್ಲಿ ನಮಗೆ ಬೇರೇನು ಕೇಳುತ್ತದೆ?

ಆಯುಧಪೂಜೆಗೆ ಮಗ್ಗಗಳೆಲ್ಲ ನಿಂತ ಮೇಲೂ ಗೊರಗೊರ ಸದ್ದು ಬರುತ್ತಲೇ ಇತ್ತು. “ಯಾವ್ದೋ ಮೋಟ್ರು ಇನ್ನೂ ಓಡ್ತಾ ಅದೆ, ನೋಡಮ್ಮ” ಎಂದರು ಅತ್ತೆ. ಹೋಗಿ ನೋಡಿದರೆ, ಎಚ್ಚರವಾಗಿಯೇ ಕೂತಿದ್ದ ಅಮ್ಮಿಣಿಯ ಉಸಿರು ಅದು.

ಮೂತಿ ಚಪ್ಪಟೆಯಾಗಲೆಂದು ತಳಿ ಮಾಡಿದ್ದಕ್ಕೇ ಮೂಗಿನ ದಾರಿ ಕಿರಿದಾಗಿದೆ, ಮರಿಗಳಿಗೂ ಇದೇ ಗತಿ ಎಂದರು, ಅವಳನ್ನು ನೋಡಿದ ನಾಯಿ ಡಾಕ್ಟರು. ಮೂತಿ ಒಳಗಿದ್ದಷ್ಟೂ ಅಂದ ಎನ್ನುತ್ತಿದ್ದೆಯಲ್ಲ, ಅಣ್ಣ?

ಅವಳನ್ನು ಕಳಿಸುವುದಿಲ್ಲ. ಕೋಪ ಬಂದರೆ ನೀನೇ ಬಾ, ಬರುವ ದಿನ ಮೊದಲೇ ತಿಳಿಸು. ಅವತ್ತು ಮಗ್ಗ ನಿಲ್ಲಿಸಿರುತ್ತೇನೆ.

ನಿನ್ನ ತಂಗಿ,
ಗೋಮತಿ