ನಾಲ್ಕು ಮನೆಯ ಕೋಷ್ಟಕ

ನವೆಂಬರ್ 25, ಸೋಮವಾರ. ಬೆಳಿಗ್ಗೆ 7.40, ರೈಲಿನಲ್ಲಿ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಎಂದಿನಂತೆ ಜನವೆಲ್ಲ ಆ ಪ್ಲಾಟ್‌ಫಾರಂ, ನಾನು ಈ ಪ್ಲಾಟ್‌ಫಾರಂ. ಬೆಂಗಳೂರು ಗಾಡಿಯ ಬಾಗಿಲಲ್ಲಿ ನೇತಾಡ್ತಾರೆ. ಊರಿಗಾಮಿಗೆ ಹೋಗೋ ನನ್ನ ಮಾರಿಕುಪ್ಪಂ ಗಾಡಿಯಲ್ಲಿ ಕಾಲು ಚಾಚಿ ಕೂರಬಹುದು. ಬರೆಯಲೂಬಹುದು.

ಇವತ್ತು ಮತ್ತೆ ಪೈ ಚಾರ್ಟ್. ಮೂರೇ ಭಾಗ ಇರೋ ಪೈಗೆ ಏಳು ಬಣ್ಣ ಕೇಳಿದಾನೆ ನವನೀತ್. ನಮ್ಮ ಆಪರೇಷನ್ಸ್ ಮ್ಯಾನೇಜರ್. ವಯಸ್ಸು ಮೂವತ್ತೆರಡು, ಎಂಬಿಎ. ಸರಾಸರಿ ಅಂದರೇನು ಅಂತ ಗೊತ್ತು, ಅಲ್ಲಿಗೆ ಮುಗೀತು.

ಹನ್ನೆರಡು ವರ್ಷ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಿದೆ. ಅತಿಥಿ ಉಪನ್ಯಾಸಕಿ. ಅತಿಥಿ ಅಂತ ಕರೆದವರು ಒಂದು ದಿನ ಊಟ ಮುಗೀತು, ಎದ್ದೇಳಿ ಅಂದರು. ಈಗ ಊರಿಗಾಮಿನ ಈ ವೈರಿಂಗ್ ಫ್ಯಾಕ್ಟರಿಯಲ್ಲಿ ಎಂಐಎಸ್ ಎಕ್ಸಿಕ್ಯುಟಿವ್. ಅಂದರೆ ವರದಿಯ ಚಾರ್ಟಿಗೆ ಬಣ್ಣ ತುಂಬುವವಳು.

ನವೆಂಬರ್ 27, ಬುಧವಾರ. ಮಧ್ಯಾಹ್ನ 3

ಮೀಟಿಂಗ್. ಟ್ರ್ಯಾಕ್ಟರ್ ಕಂಪನಿಯವರು ನಮ್ಮ ಮಾಲು ವಾಪಸ್ ಕಳಿಸ್ತಿದಾರೆ. ನಾವು ಮಾಡೋದು ಟ್ರ್ಯಾಕ್ಟರ್ ಒಳಗಿನ ವೈರು. ವೈರಿನ ತುದಿಗೆ ಹಿತ್ತಾಳೆ ಕ್ಲಿಪ್ಪು, ಮಿಷಿನ್ನಿನಲ್ಲಿ ಒತ್ತಿ ಕೂರಿಸಬೇಕು. ಎಳೆದರೆ ಬರಬಾರದು. ಬರ್ತಿದೆ.

ನವನೀತ್ ವಾರಾಂತ್ಯದಲ್ಲಿ ಯಾವುದೋ ಆನ್‌ಲೈನ್ ಕೋರ್ಸ್ ನೋಡಿದಾನೆ. ಎಲ್ಲರ ಮುಂದೆ ಗತ್ತಿನಲ್ಲಿ ಅಂದ — "ವನಿತಾ ಮೇಡಂ, ನಾವು ಇದಕ್ಕೆ ಛೀ ಸ್ಕ್ವೇರ್ ಮಾಡಬೇಕು."

ಕೈ ಸ್ಕ್ವೇರ್. ಗ್ರೀಕ್ ಅಕ್ಷರದ ಹೆಸರಿನ ಪರೀಕ್ಷೆ, ಉಚ್ಚಾರ ಕೈ. ತಿದ್ದಲಿಲ್ಲ. ಅವನ ಬಾಯಿಗೆ ಛೀ ಅನ್ನೋದೇ ಸರಿ.

ಅವನಿಗೆ ಬೇಕಾದ್ದು ಇಷ್ಟು. ಕ್ಲಿಪ್ಪು ಒತ್ತುವ ಕ್ರಿಂಪಿಂಗ್ ಶೆಡ್ಡಿನಲ್ಲಿ ಎರಡು ಗುಂಪು. ಊರಿಗಾಮಿನ ಲೈನುಮನೆಗಳಿಂದ, ಅಂದರೆ ಹಳೇ ಚಿನ್ನದ ಗಣಿಯ ಕ್ವಾರ್ಟರ್ಸಿನಿಂದ, ನಡೆದು ಬರುವ ಹೆಂಗಸರು. ಬಂಗಾರಪೇಟೆ ಸುತ್ತಲ ಹಳ್ಳಿಗಳಿಂದ ವ್ಯಾನಿನಲ್ಲಿ ಬರುವ ಹೆಂಗಸರು, ಹನ್ನೊಂದು ಜನ. ರಿಜೆಕ್ಟ್ ಆಗೋದು ವ್ಯಾನಿನವರ ಕೈಯಿಂದಲೇ ಅಂತ ಅವನಿಗೆ ಆಗಲೇ ಗ್ಯಾರಂಟಿ. ಹೊಲದ ಕೈ, ನಾಜೂಕಿಲ್ಲ ಅಂದ. ಇವನ ಕೈ ಮೌಸ್ ಬಿಟ್ಟು ಬೇರೇನೂ ಮುಟ್ಟಿಲ್ಲ.

ನವೆಂಬರ್ 28, ಗುರುವಾರ

ಇಪ್ಪತ್ತು ನಿಮಿಷದ ಕೆಲಸ. ಎರಡು ವಾರದಲ್ಲಿ ಎಳೆದು ಪರೀಕ್ಷೆ ಮಾಡಿದ ತುಂಡು ಎರಡು ಸಾವಿರದ ನಾನೂರು. ಎರಡೂ ಗುಂಪಿಗೆ ತಲಾ ಸಾವಿರದ ಇನ್ನೂರು. ವ್ಯಾನಿನವರದು 96 ರಿಜೆಕ್ಟ್. ಊರಿಗಾಮಿನವರದು 60. ಎರಡು ಗುಂಪು, ಪಾಸು ಮತ್ತು ರಿಜೆಕ್ಟು, ನಾಲ್ಕು ಮನೆಯ ಕೋಷ್ಟಕ. ಬಿ.ಎಸ್ಸಿ. ಮೊದಲ ವರ್ಷದ ಹುಡುಗಿ ಮಾಡ್ತಾಳೆ.

ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲ ಅಂದುಕೋ. ಆಗ ಎಷ್ಟು ಬರಬೇಕಿತ್ತು? ಎರಡಕ್ಕೂ 78. ಬಂದಿರೋದು ಎಷ್ಟು? ಆ ಅಂತರ ಆಕಸ್ಮಿಕವಾಗಿ ಬರುವಷ್ಟು ಚಿಕ್ಕದೋ, ಅದಕ್ಕಿಂತ ದೊಡ್ಡದೋ? ಅಷ್ಟೇ ವಿದ್ಯೆ. ಅಂತರವನ್ನೆಲ್ಲ ಒಂದೇ ಅಂಕಿ ಮಾಡಿದರೆ, ಆಕಸ್ಮಿಕದ ಗೆರೆ ಇರೋದು 3.84ಕ್ಕೆ. ನನಗೆ ಬಂದಿದ್ದು 8.89. ಗೆರೆ ದಾಟಿ ಬಹಳ ಆಚೆ.

ನವನೀತನಿಗೂ ಮೀಟಿಂಗಿನವರಿಗೂ ಒಂದು ಸಾಲಿನ ಮೇಲ್ ಹಾಕಿದೆ. ಗುಂಪಿಗೂ ರಿಜೆಕ್ಟಿಗೂ ಸಂಬಂಧ ಇದೆ, ಸಿಗ್ನಿಫಿಕೆಂಟ್.

ಸಂಬಂಧ ಬೇರೆ, ಕಾರಣ ಬೇರೆ — ಇನ್ನೊಂದು ಸಾಲು ಬರೆಯಬೇಕಿತ್ತು. ಬರೆಯಲಿಲ್ಲ. ನವನೀತ್ ಒಂದು ಸಾಲಿಗಿಂತ ಜಾಸ್ತಿ ಓದಲ್ಲ. ಕತ್ತೆಗೆ ಯಾಕೆ ವ್ಯಾಕರಣ.

ಡಿಸೆಂಬರ್ 9, ಸೋಮವಾರ. ಸಂಜೆ 5.50, ಊರಿಗಾಂ ಸ್ಟೇಷನ್

ವ್ಯಾನಿನ ಹನ್ನೊಂದು ಜನರನ್ನೂ ಕೆಲಸದಿಂದ ನಿಲ್ಲಿಸಿದಾರೆ. ಶನಿವಾರವೇ. ನನಗೆ ಗೊತ್ತಾಗಿದ್ದು ಇವತ್ತು, ವ್ಯಾನ್ ಬರದೇ ಇದ್ದಾಗ. ನೋಟಿಸ್ ಬೋರ್ಡಿನಲ್ಲಿ ಇಂಗ್ಲಿಷ್ ಕಾಗದ. "ಸ್ಟ್ಯಾಟಿಸ್ಟಿಕಲ್ ಅನಾಲಿಸಿಸ್ ಆಧಾರದ ಮೇಲೆ". ಕೆಳಗೆ ಅವನ ಸಹಿ. ಅನಾಲಿಸಿಸ್ ಸ್ಪೆಲಿಂಗ್ ತಪ್ಪು.

ಗೇಟಿನ ಹತ್ತಿರ ಒಬ್ಬಳು ಕಾಯ್ತಿದ್ದಳು. ಐವತ್ತರ ಹತ್ತಿರ ಇರಬಹುದು. ಮುನಿರತ್ನಮ್ಮ ಅಂತೆ. ಆರು ವರ್ಷದಿಂದ ಅದೇ ಶೆಡ್ಡು. ನಾನು ಮುಖ ನೋಡಿದ್ದು ಇವತ್ತೇ ಮೊದಲು. ವ್ಯಾನ್ ಇಲ್ಲ, ಬಸ್ಸಿನಲ್ಲಿ ಬಂದಿದ್ದಾಳೆ.

"ಲೆಕ್ಕ ಆಕಿದ್ದು ನೀವಂತೆ. ನನ್ನೆಸ್ರು ಎಲ್ಲೈತೆ ಅದ್ರಾಗೆ, ತೋರ್ಸಿ."

ಹೆಸರಿರಲ್ಲ ಅಂದೆ. ಬರೀ ಎಣಿಕೆ.

"ಎಸ್ರೇ ಇಲ್ದೆ ಎಂಗಮ್ಮ ತೆಗುದ್ರು ನನ್ನ?"

ಮ್ಯಾನೇಜರ್ ಕೇಳಿ, ನನ್ನ ಕೆಲಸ ಲೆಕ್ಕ ಅಷ್ಟೇ ಅಂದೆ. ರೈಲಿನ ಹೊತ್ತಾಯ್ತು ಅಂದೆ. ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಡಿಸೆಂಬರ್ 10

ಒಳಗೆಲ್ಲ ನವನೀತನ ಗುಣಗಾನ. ಡೇಟಾ ಡ್ರಿವನ್ ಅಂತೆ. ಅಕೌಂಟ್ಸಿನವನು ಬಂದು, ಮೇಡಂ ಈ ಛೀ ಸ್ಕ್ವೇರ್ ನನಗೂ ಹೇಳಿಕೊಡಿ ಅಂದ. ಅಸಹ್ಯ.

ಡಿಸೆಂಬರ್ 13, ಶುಕ್ರವಾರ. ಊಟದ ಹೊತ್ತು

ಕುಪ್ಪುಸ್ವಾಮಿ ಮೇಲೆ ನನ್ನ ಆಫೀಸಿಗೆ ಬಂದಿದ್ದ. ಕ್ರಿಂಪಿಂಗ್ ಶೆಡ್ಡಿನ ಸೂಪರ್‌ವೈಸರ್. ಊರಿಗಾಮಿನವನೇ, ಅವನಪ್ಪ ಗಣಿ ಇಳೀತಿದ್ದವನು. ಎಂಟನೇ ಕ್ಲಾಸ್. ಹಾಜರಿ ಪುಸ್ತಕ ಟೇಬಲ್ ಮೇಲೆ ಇಟ್ಟ. ಹೋಗಲಿಲ್ಲ. ಹನ್ನೊಂದು ಜನ ಹೋದ ಮೇಲೂ ರಿಜೆಕ್ಟ್ ಇಳಿದಿಲ್ಲ, ಹೊಸದಾಗಿ ತಗೊಂಡ ಊರಿಗಾಂ ಹುಡುಗಿಯರದೂ ಅಷ್ಟೇ ಬರ್ತಿದೆ ಅಂದ. ಕಲೀತಾರೆ ಬಿಡಿ ಅಂದೆ.

"ಕೈ ಇಲ್ಲ ಮೇಡಂ, ಮಿಷಿನ್ನು," ಅಂದ, ತನ್ನ ತಮಿಳು ಬೆರೆತ ಕನ್ನಡದಲ್ಲಿ. "ವ್ಯಾನು ಎಂಟೂ ಇಪ್ಪತ್ತಕ್ಕೆ ಬರ್ತಿತ್ತು. ಅಷ್ಟೊತ್ತಿಗೆ ಒಳ್ಳೇ ಮಿಷಿನ್ನೆಲ್ಲ ನಮ್ಮೋರು ಪುಡ್ಚಿಕೊಂಡಿರ್ತಾರೆ. ಮಿಕ್ಕಿದ್ದು ಗೋಡೆ ಪಕ್ಕದ ಪಳೇ ಮಿಷಿನ್ನುಗಳು. ನೀವು ಒಂದು ದಪ ಕೆಳಗೆ ಬಂದಿದ್ರೆ ಕಣ್ಣಿಗೇ ತೆರೀತಿತ್ತು."

ಕೋಪ ಬಂತು. ಎಂಟನೇ ಕ್ಲಾಸಿನವನು ನನಗೆ ಹೇಳಿಕೊಡೋದು. ಮೊದಲೇ ಯಾಕೆ ಹೇಳಲಿಲ್ಲ ಅಂದೆ. ನನ್ನ ಯಾರೂ ಕೇಳಲಿಲ್ಲ ಮೇಡಂ ಅಂದ. ಎರಡು ವರ್ಷದಲ್ಲಿ ನಾನು ಮೆಟ್ಟಿಲು ಇಳಿದು ಆ ಶೆಡ್ಡಿಗೆ ಹೋಗಿಲ್ಲ, ನಿಜ. ಎಣ್ಣೆ ವಾಸನೆ.

ಡಿಸೆಂಬರ್ 14, ಶನಿವಾರ

ಪ್ರತಿ ತುಂಡಿನ ಟ್ಯಾಗಿನಲ್ಲೂ ಮಿಷಿನ್ ನಂಬರ್ ಇದೆ. ನನ್ನ ಶೀಟಿನಲ್ಲೇ ಇದೆ, ಎಫ್ ಕಾಲಂ. ಅಡ್ಡ ಬರ್ತಿದೆ ಅಂತ ನಾನೇ ಮುಚ್ಚಿಟ್ಟಿದ್ದು. ಬಿಡಿಸಿದೆ.

ಹಳೇ ಮಿಷಿನ್. ವ್ಯಾನಿನವರು 900 ತುಂಡು, 87 ರಿಜೆಕ್ಟ್. ಊರಿಗಾಮಿನವರು 300, ರಿಜೆಕ್ಟ್ 30.
ಹೊಸ ಮಿಷಿನ್. ವ್ಯಾನಿನವರು 300, ರಿಜೆಕ್ಟ್ 9. ಊರಿಗಾಮಿನವರು 900, ರಿಜೆಕ್ಟ್ 30.

ಮೂರು ಸಲ ನೋಡಿದೆ. ಹಳೇ ಮಿಷಿನ್ನಿನಲ್ಲಿ ಎಲ್ಲರದೂ ನೂರಕ್ಕೆ ಹತ್ತರ ಹತ್ತಿರ. ಹೊಸದರಲ್ಲಿ ಎಲ್ಲರದೂ ಮೂರರ ಹತ್ತಿರ. ಎರಡರಲ್ಲೂ ವ್ಯಾನಿನವರದು ಕೂದಲಷ್ಟು ಕಮ್ಮಿಯೇ. ಮಿಷಿನ್ ಬೇರೆ ಮಾಡಿ ಕೈ ಸ್ಕ್ವೇರ್ ಹಾಕಿದರೆ 0.03, 0.08. ಏನೂ ಇಲ್ಲ. ಸೊನ್ನೆ. ಗುಂಪು ಬಿಟ್ಟು ಮಿಷಿನ್ನಿಗೂ ರಿಜೆಕ್ಟಿಗೂ ಹಾಕಿದರೆ — 41.7.

ಇದನ್ನ ನಾನು ಪ್ರತಿ ವರ್ಷ ಪಾಠ ಮಾಡ್ತಿದ್ದೆ. ಎರಡು ಗುಂಪು ಹೋಲಿಸೋ ಮುಂಚೆ ಮೂರನೇದು ಏನು ಅಡಗಿದೆ ಕೇಳಿ ಅಂತ. ಬೋರ್ಡಿನ ಮೇಲೆ ಕೆಂಪು ಚಾಕಿನಲ್ಲಿ ಬರೀತಿದ್ದೆ. ಕೇಳದ ಹುಡುಗರಿಗೆ ದಡ್ಡರು ಅಂತಿದ್ದೆ.

ಡಿಸೆಂಬರ್ 16, ಸೋಮವಾರ

ನವನೀತನ ಕ್ಯಾಬಿನ್ನಿಗೆ ಹೋದೆ. ಎರಡು ಹಾಳೆ ಮುಂದಿಟ್ಟೆ. ನಿಧಾನಕ್ಕೆ ಹೇಳಿದೆ. ಜೀವನದಲ್ಲಿ ಮೊದಲ ಸಲ ಅವನಿಗೆ ತಾಳ್ಮೆಯಿಂದ ಏನೋ ಹೇಳಿದ್ದು. ಅರ್ಥ ಆಯ್ತು. ಅದೇ ಆಶ್ಚರ್ಯ. ಪೂರ್ತಿ ಅರ್ಥ ಆಯ್ತು, ಮುಖ ನೋಡಿದರೆ ಗೊತ್ತಾಗ್ತಿತ್ತು. ಆಗಲೇ ಭಯ ಆಗಿದ್ದು ನನಗೆ. ದಡ್ಡ ಅಂದುಕೊಂಡಿದ್ದೆ. ದಡ್ಡನಲ್ಲ.

ಗೋಡೆ ಪಕ್ಕದ ಮಿಷಿನ್ನುಗಳನ್ನ ತರಿಸಿದವನು ಇವನೇ. ಸೆಕೆಂಡ್ ಹ್ಯಾಂಡ್, ರಿಪೇರಿ ಮಾಡಿಸಿದ್ದು. ಹೆಡ್ ಆಫೀಸಿನಲ್ಲಿ ಅದಕ್ಕೆ ಭೇಷ್ ಅನಿಸಿಕೊಂಡಿದಾನೆ.

"ಸಿಗ್ನಿಫಿಕೆಂಟ್ ಅಂತ ಬರೆದಿದ್ದು ನೀವು," ಅಂದ. "ಮೇಲ್ ನಿಮ್ಮ ಹೆಸರಲ್ಲಿದೆ. ಈಗ ಅಲ್ಲ ಅಂದರೆ ತಪ್ಪು ಯಾರದಾಗುತ್ತೆ, ಯೋಚನೆ ಮಾಡಿ."

ಹಾಳೆ ಮಡಚಿ ವಾಪಸ್ ಕೊಟ್ಟ. ಕಾಫಿ ಬೇಕಾ ಅಂತಲೂ ಕೇಳಿದ.

ಡಿಸೆಂಬರ್ 17

ಹೆಡ್ ಆಫೀಸಿಗೆ ಮೇಲ್ ಬರೆದೆ. ಕಳಿಸಲಿಲ್ಲ.

ಡಿಸೆಂಬರ್ 18

ಕಳಿಸಲಿಲ್ಲ. ಹೇಡಿ.

ಡಿಸೆಂಬರ್ 23, ಸೋಮವಾರ. ಮಧ್ಯಾಹ್ನ 1.15

ಬೆಳಿಗ್ಗೆ ಶೆಡ್ಡಿಗೆ ಇಳಿದೆ. ಕುಪ್ಪುಸ್ವಾಮಿ ಸ್ಟೂಲ್ ಕೊಟ್ಟ. ಗೋಡೆ ಪಕ್ಕದ ಮಿಷಿನ್ನಿನಲ್ಲಿ ಒಂದು ಹೊಸ ಹುಡುಗಿ, ಹೆಸರು ನವ್ಯ. ಹತ್ತೊಂಬತ್ತಿರಬಹುದು. ಕ್ಲಿಪ್ಪು ಇಡ್ತಾಳೆ, ಪೆಡಲ್ ತುಳೀತಾಳೆ, ಎಳೆದು ನೋಡ್ತಾಳೆ. ಬಿಗಿಯಾಗೇ ಇದೆ. ಮುಂದಿನದು, ಬಿಗಿ. ಮುಂದಿನದು ಕೈಗೇ ಬಂತು. ನನ್ನ ಮುಖ ನೋಡಿ ಹೆದರಿದಳು. ಸಾರಿ ಮೇಡಂ ಅಂದಳು. ಇನ್ನೊಂದು ವಾರ ಬಿಟ್ಟರೆ ಇವಳ ಮೇಲೂ ಒಂದು ಕೋಷ್ಟಕ ಕೇಳ್ತಾನೆ ಅವನು. ನಾನು ಮಾಡಿಕೊಡ್ತೀನಿ, ಇಪ್ಪತ್ತು ನಿಮಿಷದಲ್ಲಿ.

ಮೇಲೆ ಬಂದೆ. ಮೊದಲ ಮೇಲ್ ಯಾರ್ಯಾರಿಗೆ ಹೋಗಿತ್ತೋ ಅವರಿಗೆಲ್ಲ, ಹೆಡ್ ಆಫೀಸಿಗೂ ಸೇರಿಸಿ ಕಳಿಸಿದೆ. ಮೂರೂ ಕೋಷ್ಟಕ. ಮೇಲೆ ಬರೆದೆ — ಹಿಂದಿನ ವರದಿ ಲೆಕ್ಕದಲ್ಲಿ ಸರಿ, ಅರ್ಥದಲ್ಲಿ ತಪ್ಪು. ತಪ್ಪು ನನ್ನದು. ಆ ಹೆಂಗಸರದಲ್ಲ.

ಈಗ ಊಟದ ಡಬ್ಬಿ ತೆಗೆದಿಟ್ಟು ಕೂತಿದೀನಿ.

ಜನವರಿ 8, ಬುಧವಾರ

ಬಹಳ ದಿನ ಬರೆಯಲಿಲ್ಲ. ಬರೆಯೋಕೆ ಎದೆ ಇರಲಿಲ್ಲ.

ಹೆಡ್ ಆಫೀಸಿನಿಂದ ಎಂಜಿನಿಯರ್ ಬಂದು ಮಿಷಿನ್ ಬಿಚ್ಚಿದ. ಒತ್ತುವ ಅಚ್ಚುಗಳು ಸವೆದು ಹೋಗಿವೆ. ನವನೀತ್ ಪಕ್ಕದಲ್ಲೇ ನಿಂತು, ನಮ್ಮ ಟೀಮೇ ಡೇಟಾ ಇಟ್ಟುಕೊಂಡು ಇದನ್ನ ಕಂಡುಹಿಡಿದಿದ್ದು ಅಂದ. ಕಣ್ಣು ಮಿಟುಕಿಸಲಿಲ್ಲ. ಅವನಿಗೆ ಹೊಡೆತ ಬೀಳುತ್ತೆ ಅಂದುಕೊಂಡಿದ್ದ ನಾನೇ ಪೆದ್ದಿ. ಬಿದ್ದಿದ್ದು ನನಗೆ. ಮಾರ್ಚ್ ಕೊನೆಗೆ ನನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತೆ, ಮುಂದುವರಿಸಲ್ಲ. ಎಚ್‌ಆರ್‌ನವಳು ಬೊಂಬೆ ಥರ ನಗ್ತಾ ಹೇಳಿದಳು.

ಹನ್ನೊಂದು ಜನಕ್ಕೂ ಫೋನ್ ಹೋಯ್ತು. ಎಂಟು ಜನ ಬಂದರು. ವ್ಯಾನ್ ಈಗ ಏಳೂವರೆಗೇ ಹೊರಡುತ್ತೆ, ಒಳ್ಳೇ ಮಿಷಿನ್ ಖಾಲಿ ಇರುವಾಗಲೇ ತಲುಪುತ್ತೆ. ಇಬ್ಬರು ಬೇರೆ ಕಡೆ ಸೇರಿದಾರಂತೆ. ಮುನಿರತ್ನಮ್ಮ ಫೋನ್ ಎತ್ತಿ, ಬರಲ್ಲ ಅಂದು ಇಟ್ಟಳಂತೆ. ಕುಪ್ಪುಸ್ವಾಮಿ ಹೇಳಿದ. ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಅವರೇಕಾಯಿ ಮಂಡಿಯ ಮುಂದೆ ಕೂರ್ತಾಳಂತೆ. ನನ್ನ ಮನೆಯಿಂದ ಹತ್ತು ನಿಮಿಷ.

ಜನವರಿ 12, ಭಾನುವಾರ. ಬೆಳಿಗ್ಗೆ 11

ಹೋಗಿದ್ದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡೆ, ಲೆಕ್ಚರ್ ಥರ.

ಗೋಣಿತಾಟಿನ ಮೇಲೆ ಐದಾರು ಹೆಂಗಸರು. ಮಂಡಿಯವನಿಗೆ ಕಾಳು ಬಿಡಿಸಿಕೊಡೋದು. ಒಳ್ಳೇದು ಈ ಕಡೆ, ಹುಳ ಬಿದ್ದಿದ್ದು ಆ ಕಡೆ. ಮುನಿರತ್ನಮ್ಮ ನೋಡಿದಳು, ಗುರುತು ಹಿಡಿದಳು, ಕೆಲಸ ನಿಲ್ಲಿಸಲಿಲ್ಲ.

ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ತಪ್ಪಾಯ್ತು ಅಂದೆ. ಏನು ತಪ್ಪು ಅಂದಳು. ಕೈ ಸ್ಕ್ವೇರ್ ಅಂತ ಶುರು ಮಾಡಿದೆ, ನಾಚಿಕೆ ಆಯ್ತು. ಬಿಟ್ಟೆ. ಅಲ್ಲೇ ಇದ್ದ ಕಾಯಿ ಎರಡು ಗುಡ್ಡೆ ಮಾಡಿ ಹೇಳಿದೆ. ಹುಳ ಇರೋ ಹೊಲದ ಮೂಟೆ ಇದು, ಹುಳ ಇಲ್ಲದ ಹೊಲದ್ದು ಇದು. ಕೆಟ್ಟ ಮೂಟೆ ಎಲ್ಲ ನಿಮ್ಮ ಮುಂದೆ ಸುರಿದು, ಒಳ್ಳೇದೆಲ್ಲ ಪಕ್ಕದಾಕೆ ಮುಂದೆ ಸುರಿದು, ಕೊನೆಗೆ ಹುಳದ ಕಾಳು ಎಣಿಸಿ, ನಿಮ್ಮ ಕೈಯೇ ಸರಿಯಿಲ್ಲ ಅಂದೆ ನಾನು. ಮೂಟೆ ಯಾವ ಹೊಲದ್ದು ಅಂತ ನೋಡಲಿಲ್ಲ.

ನವನೀತನಿಗೆ ಎರಡು ಹಾಳೆ ಬೇಕಾಯ್ತು. ಇವಳಿಗೆ ಗುಡ್ಡೆ ಮುಗಿಯೋ ಮುಂಚೆಯೇ ಗೊತ್ತಾಯ್ತು.

"ಉಳ ಗಿಡದಾಗೈತೆ, ಬಿಡ್ಸೋ ಕೈನಾಗಿಲ್ಲ. ಇಷ್ಟೇ ತಾನೆ?"

ಇಷ್ಟೇ ಅಂದೆ.

ವಾಪಸ್ ಬನ್ನಿ, ಹೊಸ ಅಚ್ಚು ಹಾಕಿದಾರೆ ಅಂದೆ. ಒಂದು ಹುಳದ ಕಾಳು ಆ ಕಡೆ ಎಸೆದಳು. ಆಮೇಲೆ ಕೇಳಿದಳು.

"ಇಂಗೆ ನೋಡ್ಬೇಕು ಅನ್ನೋದು ನಿಮ್ಗೆ ಅವಾಗ್ಲೇ ಗೊತ್ತಿತ್ತಾ, ಆಮ್ಯಾಕೆ ಗೊತ್ತಾಯ್ತಾ?"

ಆಮೇಲೆ ಅನ್ನಬಹುದಿತ್ತು. ನಂಬ್ತಿದ್ದಳು. ನಾಲಿಗೆ ತುದಿಗೆ ಬಂದಿತ್ತು.

"ಅವಾಗ್ಲೇ ಗೊತ್ತಿತ್ತು," ಅಂದೆ. "ಮ್ಯಾನೇಜರಿಗೆ ಅಷ್ಟು ಸಾಕು ಅಂತ ಬಿಟ್ಟೆ."

ಆಗ ತಲೆ ಎತ್ತಿದಳು. ಬಯ್ಯಲಿಲ್ಲ. ನನ್ನನ್ನ ನೋಡಿದ ರೀತಿ — ಇಷ್ಟು ವರ್ಷ ನಾನು ಎಷ್ಟೋ ಜನರನ್ನ ಹಾಗೆ ನೋಡಿದೀನಿ. ಆ ನೋಟದ ಎದುರು ಕೂರೋದು ಹೇಗಿರುತ್ತೆ ಅಂತ ಗೊತ್ತಿರಲಿಲ್ಲ.

"ಜಾಗ ಬಿಡಿ," ಅಂದಳು. "ಗಿರಾಕಿ ಬತ್ತಾವ್ರೆ."

ಎದ್ದು ಬಂದೆ.

ಜನವರಿ 13, ಸೋಮವಾರ. ಬೆಳಿಗ್ಗೆ 9.30

ನವನೀತ್ ಕರೆಸಿದ್ದ. ಏನೂ ಆಗೇ ಇಲ್ಲ ಅನ್ನೋ ಥರ ನಗು. ರಜೆ ಹಾಕುವವರ ಲೆಕ್ಕ ಬೇಕಂತೆ. ಮದುವೆ ಆದವರು, ಆಗದವರು. ಒಂದು ಕಡೆ ರಜೆ ಜಾಸ್ತಿ, ಒಂದು ಕಡೆ ಕಮ್ಮಿ. ಛೀ ಸ್ಕ್ವೇರ್. ಮಧ್ಯಾಹ್ನದೊಳಗೆ.

ಕೈ ಸ್ಕ್ವೇರ್ ಅನ್ನಿ ಅಂದೆ. ಮಧ್ಯಾಹ್ನ ಆಗಲ್ಲ, ಮೊದಲು ಅವರನ್ನ ಒಬ್ಬೊಬ್ಬರನ್ನೇ ಯಾಕೆ ರಜೆ ಅಂತ ಕೇಳಬೇಕು ಅಂದೆ. ಅದೆಲ್ಲ ಬೇಡ, ನಂಬರ್ ಸಾಕು ಅಂದ.

ನೋಟ್‌ಬುಕ್ ತಗೊಂಡು ಬಂದು ಶೆಡ್ಡಿನಲ್ಲಿ ಕೂತಿದೀನಿ. ಎಣ್ಣೆ ವಾಸನೆ ತಲೆಗೆ ಹತ್ತುತ್ತೆ. ಕುಪ್ಪುಸ್ವಾಮಿ ಮೊದಲು ನವ್ಯಳನ್ನ ಕಳಿಸ್ತೀನಿ ಅಂದಿದಾನೆ. ಬರ್ತಿದಾಳೆ, ಮತ್ತೆ ಹೆದರಿದಾಳೆ. ಹೆದರಬೇಡ, ಕೂತ್ಕೋ ಅಂದೆ. ಏನು ಕೇಳಬೇಕು ಅಂತ ಬರೆದಿಟ್ಟುಕೊಂಡಿದ್ದು ಬಿಟ್ಟು, ಮೊದಲು ಹಾಳೆಯ ಮೇಲೆ ಅವಳ ಹೆಸರು ಬರೆದೆ.