ಟ್ರ್ಯಾಕ್ಟರ್ ನಿಲ್ಲಿಸಿ ಕೇಳುವ ಹಾಡು

ನಾಸಿರ್,

ಆರು ವರ್ಷವಾಯಿತು. ನೀನು ಎಲ್ಲಿದ್ದೀಯೋ ಗೊತ್ತಿಲ್ಲ, ಇದನ್ನು ಕಳಿಸುವುದೂ ಇಲ್ಲ. ನಮ್ಮ ಬ್ಯಾಂಡಿನ ಹೊಸ ಹಾಡು ಇವತ್ತು ಬೆಳಿಗ್ಗೆ ರೇಡಿಯೋದಲ್ಲಿ ಬಂತು. ಡ್ರಮ್ಸ್ ಇಲ್ಲ, ಕೂಗಾಟ ಇಲ್ಲ. ಒಂದು ಗಿಟಾರು, ನನ್ನ ಗಂಟಲು, ಅಷ್ಟೇ.

ಕೊಪ್ಪದ ಸಕ್ಕರೆ ಕಾರ್ಖಾನೆ ಹತ್ತಿರದ ಟೀ ಅಂಗಡಿ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ನಮ್ಮ ಹಳೇ ಹಾಡುಗಳನ್ನು ಜೋರಾಗಿ ಹಾಕಿಕೊಂಡು ನಿದ್ದೆ ಓಡಿಸುವ ಡ್ರೈವರುಗಳೇ ತಾನೆ ನಮ್ಮ ಅಭಿಮಾನಿಗಳು! ಶಿವಪುರದ ಮಾದಯ್ಯ ನನ್ನನ್ನು ಕಂಡದ್ದೇ ರೇಗಿದ.

"ಏನ್ಲಾ ಇದು, ಲಾಲಿ ಪದ ಮಾಡಿದ್ದೀಯ? ಇದ್ನ ಕೇಳ್ಕಂಡು ಓಡ್ಸುದ್ರೆ ಲೋಡು ನಾಲೆಗೋಯ್ತದೆ ಕಣ್ಲಾ!"

ಎಲ್ಲರೂ ನಕ್ಕರು. ನೀನು ಈ ಹಾಡಿನ ರಾಗವನ್ನು ಮೊದಲ ಸಲ ನುಡಿಸಿದಾಗ ನಾನು ಹೇಳಿದ್ದೂ ಹೆಚ್ಚುಕಮ್ಮಿ ಇದೇ ಮಾತು. ಮಾರನೇ ದಿನದಿಂದ ನೀನು ಪ್ರಾಕ್ಟೀಸಿಗೆ ಬರಲಿಲ್ಲ.

ಟೀ ಕುಡಿದ ಮೇಲೆ ಮಾದಯ್ಯ ಇಂಜಿನ್ ಆಫ್ ಮಾಡಿ, ಫೋನಿನಲ್ಲಿ ಅದೇ ಹಾಡನ್ನು ಹಾಕಿದ. ಪೂರ್ತಿ ಮುಗಿದ ಮೇಲೇ ಫೋನನ್ನು ಜೇಬಿಗೆ ಹಾಕಿಕೊಂಡ.

"ಇದ್ನ ಗಾಡಿ ನಿಲ್ಸ್ಕಂಡು ಕೇಳ್ಬೇಕು ಕಣ್ಲಾ," ಅಂದ. "ರಾಗ ಯಾರ್ದು?"

"ನಂದೇ ಕಣಣ್ಣ," ಅಂದುಬಿಟ್ಟೆ, ನಾಸಿರ್.